ಗಂಗೂಕಾಕು ಬೈಯುವುದನ್ನು ಬಿಟ್ಟ ವರ್ಷ

ಜನವರಿ ಒಂದರ ಬೆಳಿಗ್ಗೆ ನಮ್ಮ ಹೌಸಿಂಗ್ ಸೊಸಾಯಟಿಯ ಅಂಗಳವನ್ನು ನೋಡಬೇಕು. ಮೂಲೆಯ ಅಂಗಡಿಯಿಂದ ಹಾಲು ತರಲಿಕ್ಕೂ ಸ್ಕೂಟರ್ ಹತ್ತುವ ಜನ ಅಂದು ಹೊಸ ಬೂಟು ಹಾಕಿಕೊಂಡು ಸುತ್ತು ಹೊಡೆಯುತ್ತಿರುತ್ತಾರೆ. ಒಬ್ಬರು ಸಕ್ಕರೆ ಬಿಟ್ಟಿರುತ್ತಾರೆ, ಇನ್ನೊಬ್ಬರು ಸಿಗರೇಟು, ಮತ್ತೊಬ್ಬರು ಸಿಟ್ಟು. ಸಂಕ್ರಾಂತಿ ದಾಟುವಷ್ಟರಲ್ಲಿ ಅಂಗಳ ಮತ್ತೆ ಬೆಕ್ಕುಗಳ ಪಾಲಾಗುತ್ತದೆ. ನಾನೂ ಎಷ್ಟೋ ಸಲ ತಂಬಾಕು ಬಿಟ್ಟವನು, ಹಾಗಾಗಿ ಯಾರನ್ನೂ ಆಡಿಕೊಳ್ಳುವ ಅಧಿಕಾರ ನನಗಿಲ್ಲ. ಆದರೂ ಆಡಿಕೊಳ್ಳುತ್ತೇನೆ, ನನ್ನ ಸ್ವಭಾವವೇ ಅಂಥದ್ದು.

ಹೊಸ ವರ್ಷಕ್ಕೆ ಹಿಡಿದದ್ದನ್ನು ಕೊನೆಯವರೆಗೆ ನಡೆಸಿದವರು ನಾನು ಕಂಡಂತೆ ಒಬ್ಬರೇ, ನಮ್ಮ ಮೇಲಿನ ಮನೆಯ ಗಂಗೂಬಾಯಿ, ನಮಗೆಲ್ಲ ಚಿಕ್ಕಮ್ಮನಂತಿದ್ದ ಕಾಕು. ಅವರು ಬಿಟ್ಟದ್ದು ಬೈಯುವುದನ್ನು. ನಾಲ್ಕು ದಿನಕ್ಕೇ ಮುರಿದುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಕಾಕುವಿನ ಬಾಯಿ ಎಂಥದಿತ್ತು ಎಂದು ಹೇಳದೆ ಈ ಕತೆ ಅರ್ಥವಾಗುವುದಿಲ್ಲ. ಬೆಳಗಾವಿಯಿಂದ ಬ್ಯಾಂಕಿನ ಕೆಲಸಕ್ಕೆ ಪುಣೆಗೆ ಬಂದಾಗ ನಾನು ಮದುವೆಯಾಗದ ಹುಡುಗ. ಕರ್ವೆನಗರದ ಈ ಮನೆಯಲ್ಲಿ ಆಗ ಕಾಕು ಖಾನಾವಳಿ ನಡೆಸುತ್ತಿದ್ದರು. ಕನ್ನಡ ಮಾತಾಡುವ ಹುಡುಗರಿಗೆ ಮಾತ್ರ. ಜೋಳದ ಭಕ್ರಿ, ಝುಣಕಾ, ಸಾರು, ಮತ್ತು ಬೈಗಳು. ಬೈಗಳಿಗೆ ಬೇರೆ ಹಣವಿರಲಿಲ್ಲ. "ಏನೋ ಕೇದಾರ, ಅನ್ನಾ ಕೆದರಿಕೋತ ಕೂತೀ ಅಲಾ, ಅದರಾಗೇನು ಹೆಂಡ್ತಿ ಸಿಗ್ತಾಳೇನು? ಉಣ್ಣು ಸುಮ್ಮನ" ಎನ್ನುವರು. ಉಂಡು ಮುಗಿಸಿದರೆ, "ಎರಡ ಭಕ್ರೀಗೆ ಕೈ ತೊಳೀತಾನ, ನಿಮ್ಮವ್ವ ನನಗ ಏನಂದಾಳು?" ಎಂದು ಮೂರನೆಯದನ್ನು ತಟ್ಟೆಗೆ ಎಸೆಯುವರು. ಜ್ವರ ಬಂದು ಮಲಗಿದರೆ ಗಂಜಿ ತೆಗೆದುಕೊಂಡು ಬಂದು, ಕುಡಿದು ಮುಗಿಸುವವರೆಗೂ ತಲೆಯ ಹತ್ತಿರ ನಿಂತು ಬೈಯುವರು. ಹುಡುಗರೆಲ್ಲ ನಗುತ್ತಿದ್ದೆವು. ಮನೆ ಬಿಟ್ಟು ಬಂದವರಿಗೆ ನಮ್ಮ ಭಾಷೆಯಲ್ಲಿ ಯಾರಾದರೂ ಬೈದರೆ ಅರ್ಧ ಹೊಟ್ಟೆ ಅದರಿಂದಲೇ ತುಂಬುತ್ತದೆ. ಮುಂದೆ ನಾನು ಮದುವೆಯಾಗಿ ಅದೇ ಕಟ್ಟಡದ ಕೆಳಗಿನ ಮನೆಯನ್ನೇ ಕೊಂಡದ್ದಕ್ಕೆ ಕಾರಣ ಅದೇ ಇರಬೇಕು. ನನ್ನ ಹೆಂಡತಿ ಇವತ್ತಿಗೂ ಹಾಗೇ ಅನ್ನುತ್ತಾಳೆ.

ಆದರೆ ಬೈಗಳ ದೊಡ್ಡ ಪಾಲು ಅವರ ಗಂಡ ಕೃಷ್ಣಾಜಿ ಕಾಕಾನದು. ಖಡಕಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದ ಅವರು ಸಾಯಂಕಾಲ ಬಂದು ಸೈಕಲ್ಲಿಗೆ ಬೀಗ ಹಾಕುವ ಮೊದಲೇ ಮೇಲಿನಿಂದ ಶುರುವಾಗುತ್ತಿತ್ತು. "ಕೊತ್ತಂಬರಿ ಅಂದ್ರ ಮೆಂತೇ ತಂದೀರಿ. ಕಣ್ಣು ಖಿಸೇದಾಗ ಇಟ್ಕೊಂಡು ಹೋಗಿದ್ರೇನ್ರಿ?" ಕಾಕಾ ಒಂದು ಮಾತು ತಿರುಗಿ ಆಡಿದ್ದನ್ನು ನಾನು ಕಂಡಿಲ್ಲ. ಚೀಲ ಹಿಡಿದುಕೊಂಡು ನಿಲ್ಲುವರು, ಕಾಕು ಉಸಿರು ತೆಗೆದುಕೊಳ್ಳಲು ನಿಂತಾಗ ಒಳಗೆ ಹೋಗುವರು. "ನಿಮಗ ದೇವರು ಬಾಯಿ ಕೊಟ್ಟದ್ದು ಬರೇ ಚಹಾ ಕುಡೀಲಿಕ್ಕೆ" ಎಂದು ಕಾಕು ಅದಕ್ಕೂ ಬೈಯುವರು.

ಇಬ್ಬರೂ ಒಮ್ಮೆ ಕಾಶಿಗೆ ಹೋಗಿ ಬಂದರು. ಕಾಶಿಗೆ ಹೋದವರು ತಿನ್ನುವ ಪದಾರ್ಥ ಒಂದನ್ನು ಅಲ್ಲಿ ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮಲ್ಲಿದೆಯಲ್ಲ, ಕಾಕು ಹಾಗಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಅವರು ಹಾಗಲಕಾಯಿ ಬಾಯಿಗಿಟ್ಟವರಲ್ಲ. ಎಲ್ಲರೂ ಮಾಡುವುದು ಹಾಗೆಯೇ, ದೇವರಿಗೂ ಅದು ರೂಢಿಯಾಗಿರಬೇಕು. ಕಾಕಾ ಮಾತ್ರ ಬದನೆಕಾಯಿ ಬಿಟ್ಟು ಬಂದರು. ಎಣ್ಣೆಗಾಯಿ ಪಲ್ಯ ಅಂದರೆ ಅವರಿಗೆ ಜೀವ. "ಯಾರರ ಪ್ರೀತೀದು ಬಿಡ್ತಾರೇನ್ರಿ? ಇಷ್ಟೂ ತಿಳೀಬಾರದಾ?" ಎಂದು ಕಾಕು ಕಾಶಿಯಿಂದ ಪುಣೆಯವರೆಗೆ ರೈಲಿನಲ್ಲಿ ಬೈಯುತ್ತಲೇ ಬಂದರಂತೆ. ಆದರೆ ಆಮೇಲೆ ಆ ಮನೆಯ ಹೊಸ್ತಿಲೊಳಗೆ ಬದನೆಕಾಯಿ ಬರಲಿಲ್ಲ. ಖಾನಾವಳಿಯ ಹುಡುಗರು ಎಷ್ಟು ಬೇಡಿಕೊಂಡರೂ ಮಾಡಲಿಲ್ಲ.

ಖಾನಾವಳಿ ಮುಚ್ಚಿತು, ಕಾಕಾ ನಿವೃತ್ತರಾದರು, ಒಬ್ಬಳೇ ಮಗಳು ಅನುಜಾ ಮದುವೆಯಾಗಿ ವಿಮಾನ ನಗರಕ್ಕೆ ಹೋದಳು. ಆಮೇಲೆ ಕಾಕಾ ಮರೆಯತೊಡಗಿದರು. ಮೊದಲು ಕನ್ನಡಕ, ಕೊಡೆ. ಆಮೇಲೆ ಓಣಿ. ಸಾಬೂನು ತರಲು ಹೋದವರು ಬರಿಗೈಯಲ್ಲಿ ತಿರುಗಿ ಬಂದು ಬಾಗಿಲಲ್ಲಿ ನಿಂತು ನಗುವರು. ಯಾರಿಗಾದರೂ ಸಂಶಯ ಬರಬೇಕಿತ್ತು. ನನಗೂ ಬರಲಿಲ್ಲ. ಜೀವಮಾನವಿಡೀ ಮೆಂತ್ಯ ತಂದ ಮನುಷ್ಯ ಈಗಲೂ ಮೆಂತ್ಯ ತಂದರೆ ಅದು ರೋಗವೆಂದು ಯಾರು ತಿಳಿದಾರು? ಕಾಕು ಅದನ್ನು ಸೋಮಾರಿತನ ಎಂದುಕೊಂಡರು. ಮರೆವು ಹೆಚ್ಚಿದಷ್ಟೂ ಬೈಗಳೂ ಹೆಚ್ಚಾದವು.

ಹೋದ ವರ್ಷ ಡಿಸೆಂಬರಿನಲ್ಲಿ ಒಂದು ದಿನ ಕಾಕು ದೇವಸ್ಥಾನದಿಂದ ಬರುವಷ್ಟರಲ್ಲಿ ಮನೆಯಿಂದ ಹೊಗೆ ಬರುತ್ತಿತ್ತು. ಹಾಲು ಒಲೆಯ ಮೇಲಿಟ್ಟು, ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು, ಕಾಕಾ ಕೆಳಗೆ ಗೇಟಿನ ಹತ್ತಿರ ನಿಂತಿದ್ದರು. ನಾನೂ ಕಾವಲುಗಾರನೂ ಬೀಗ ಮುರಿದು ಒಳಗೆ ಹೋಗಿ ಗ್ಯಾಸು ಆರಿಸಿದೆವು. ತಿರುಗಿ ಬಂದಾಗ ಕಾಕು ಗೇಟಿನಲ್ಲೇ ಶುರುಮಾಡಿದ್ದರು. ಅಷ್ಟು ದೊಡ್ಡ ದನಿ ಅವರಿಂದಲೂ ನಾನು ಕೇಳಿರಲಿಲ್ಲ. ಹೆದರಿಕೆಯೂ ಸೇರಿತ್ತಲ್ಲ ಅದರಲ್ಲಿ. ಗ್ಯಾಲರಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಕಾಕಾ ನಡುಗುತ್ತಿದ್ದರು. ನೋಡುತ್ತಿದ್ದಂತೆ ಅವರ ಪಾಯಿಜಾಮ ಮುಂದೆ ಒದ್ದೆಯಾಯಿತು, ಕಾಲಗುಂಟ ಇಳಿದು ಚಪ್ಪಲಿಯವರೆಗೆ ಬಂತು.

ಕಾಕುವಿನ ಮಾತು ಅರ್ಧಕ್ಕೇ ನಿಂತಿತು. ಹೊದ್ದ ಶಾಲನ್ನು ತೆಗೆದು ಗಂಡನ ಸೊಂಟಕ್ಕೆ ಸುತ್ತಿ, ಕೈ ಹಿಡಿದು ಮೇಲೆ ಕರೆದುಕೊಂಡು ಹೋದರು. ಮರುದಿನ ಅನುಜಾ ಬಂದು ಅಪ್ಪನನ್ನು ದೊಡ್ಡ ಡಾಕ್ಟರರ ಹತ್ತಿರ ಒಯ್ದಳು. ಇದು ಮರೆವಿನ ರೋಗ, ಗುಣವಾಗುವುದಲ್ಲ, ಏರು ದನಿಯಲ್ಲಿ ಮಾತಾಡಬೇಡಿ, ಬೈದರೆ ನೆನಪು ಬರುವುದಿಲ್ಲ, ಭಯ ಮಾತ್ರ ಬರುತ್ತದೆ ಎಂದರಂತೆ ಅವರು. ಆ ಸಂಜೆ ಕಾಕು ನಮ್ಮ ಮನೆಗೆ ಬಂದು ಕುಳಿತರು.

"ಎರಡು ವರ್ಷ ನಾ ರೋಗಕ್ಕ ಬೈದೀನಿ ಕೇದಾರ" ಎಂದರು. "ಅವರಿಗೆ ಬೈಲಿಕ್ಹತ್ತೀನಿ ಅಂತ ತಿಳಕೊಂಡಿದ್ದೆ."

ಜನವರಿ ಒಂದಕ್ಕೆ ಅನುಜಾ ತವರಿಗೆ ಬಂದಿದ್ದಳು. ಹೊಸ ವರ್ಷಕ್ಕೆ ಯಾರು ಏನು ಬದಲಾಯಿಸುತ್ತೀರಿ ಎಂದು ಅವಳೇ ನಗುತ್ತ ಕೇಳಿದಳು. ಕಾಕು ತಕ್ಷಣ, "ಜನವರಿ ಒಂದು ನಮ್ಮ ವರ್ಷ ಅಲ್ಲ, ಸಂಕ್ರಾಂತಿ ಬರಲಿ, ನೇಮಾ ಹಿಡೀತೀನಿ" ಎಂದರು. ಸಂಕ್ರಾಂತಿಯಿಂದ ಸಂಕ್ರಾಂತಿಗೆ ಒಂದು ನೇಮ ಹಿಡಿಯುವುದು ಅವರ ತವರಾದ ಬೈಲಹೊಂಗಲದ ಮನೆಯಲ್ಲಿ ಹೆಂಗಸರ ಪದ್ಧತಿಯಾಗಿತ್ತು. ಎಳ್ಳು ಬೆಲ್ಲ ಕೊಟ್ಟು ಸಿಹಿಯಾಗಿ ಮಾತಾಡಿ ಎಂದು ಊರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುವ ದಿನ ಬಾಯಿಯ ನೇಮ ಹಿಡಿಯುವುದು ಅವರಿಗೆ ಸರಿಯೆನಿಸಿರಬೇಕು. ಹಬ್ಬದ ಬೆಳಿಗ್ಗೆ ತಲೆಗೆ ನೀರೆರೆದುಕೊಂಡು, ದೇವರ ಮುಂದೆ ದೀಪ ಹಚ್ಚಿ, ಗಂಡನ ಕೈಯಲ್ಲಿ ಕುಸುರೆಳ್ಳು ಇಟ್ಟರು. "ಇನ್ನ ಮ್ಯಾಲೆ ನಿಮಗೊಂದು ಬಿರುಸು ಮಾತು ಆಡೂದಿಲ್ರಿ" ಎಂದರು. ಕಾಕಾ ಕುಸುರೆಳ್ಳು ಬಾಯಿಗೆ ಹಾಕಿಕೊಂಡು ತಲೆ ಅಲ್ಲಾಡಿಸಿದರು. ಏನು ತಿಳಿಯಿತೋ ಏನೋ.

ನಡೆಯುವುದಿಲ್ಲ ಎಂದು ನಾನು ಹೆಂಡತಿಯೊಂದಿಗೆ ಪಂಥ ಕಟ್ಟಿದ್ದೆ. ಮೊದಲ ವಾರ ಕಾಕುವನ್ನು ನೋಡಿದರೆ ಅಯ್ಯೋ ಎನಿಸುತ್ತಿತ್ತು. ಕಾಕಾ ಚಹಾದ ಬಟ್ಟಲಿಗೆ ಸಾಂಬಾರು ಸುರಿದುಕೊಂಡರೆ ಇವರು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗ್ಯಾಲರಿಗೆ ಓಡುವರು. ಅಲ್ಲಿ ನಿಂತು ಕೆಳಗಿನ ರಸ್ತೆಯನ್ನು ದಿಟ್ಟಿಸಿ, ಉಸಿರು ಬಿಟ್ಟು, ಒಳಗೆ ಬಂದು, "ಇರಲಿ ಬಿಡ್ರಿ, ಬ್ಯಾರೇ ಕೊಡ್ತೀನಿ" ಎನ್ನುವರು. ಮೊದಮೊದಲು ಆ ಮಾತು ಅವರ ಬಾಯಲ್ಲಿ ಪರರ ಸೀರೆ ಉಟ್ಟ ಹಾಗಿತ್ತು. ಗಂಡನಿಗೆ ಆಡದ ಬಿರುಸು ಮಾತನ್ನು ಬೇರೆಯವರಿಗೂ ಆಡಬಾರದು, ಒಂದು ಕಡೆ ಬಾಯಿ ಬಿಟ್ಟರೆ ಎಲ್ಲ ಕಡೆ ಬಿಡುತ್ತದೆ ಎಂದು ಆಮೇಲೆ ಅವರೇ ಕಟ್ಟು ಬಿಗಿ ಮಾಡಿಕೊಂಡರು. ಕೊಳೆತ ಟೊಮ್ಯಾಟೊ ಕೊಟ್ಟ ತರಕಾರಿಯವನು ಎಂದಿನಂತೆ ಬೈಗಳಿಗೆ ತಯಾರಾಗಿ ನಿಂತಿದ್ದನಂತೆ. ಕಾಕು ಸುಮ್ಮನೆ ಚೀಲ ತೆಗೆದುಕೊಂಡು ಹೊರಟಾಗ ಅವನೇ ಹೆದರಿ, "ಆಜಿ, ತಬ್ಯೇತ ಬರೀ ಆಹೇ ನಾ?" ಎಂದು ಆರೋಗ್ಯ ವಿಚಾರಿಸಿ ಬೇರೆ ಟೊಮ್ಯಾಟೊ ಕೊಟ್ಟು ಕಳಿಸಿದ.

ಯುಗಾದಿಯ ಹೊತ್ತಿಗೆ ನಾನು ಪಂಥ ಸೋತಿದ್ದೆ. ಮನೆ ಶಾಂತವಾಯಿತು. ಕಾಕಾ ನಡುಗುವುದು ನಿಂತಿತು. ಹೊಟ್ಟೆ ತುಂಬ ಉಣ್ಣುವರು, ಮಧ್ಯಾಹ್ನ ಕಿಟಕಿಯ ಹತ್ತಿರ ಕುಳಿತು ಬೀದಿ ನೋಡುವರು. ಅನುಜಾ ಬಂದಾಗಲೆಲ್ಲ ತಾಯಿಯನ್ನು ತಬ್ಬಿಕೊಳ್ಳುವಳು. ಸೊಸಾಯಟಿಯ ಹೆಂಗಸರು ಕಾಕುವಿನ ಉದಾಹರಣೆ ಕೊಟ್ಟು ತಮ್ಮ ತಮ್ಮ ಅತ್ತೆಯಂದಿರಿಗೆ ಬುದ್ಧಿ ಹೇಳತೊಡಗಿದರು. ಕಾಕುವೂ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದರು, ಯಾಕೆ ಸುಳ್ಳು ಹೇಳಲಿ.

ಬೇಸಿಗೆಯ ಒಂದು ಮಧ್ಯಾಹ್ನ ನಾನು ಅಲ್ಲಿ ಕುಳಿತಿದ್ದೆ. ಕಾಕು ಚಹಾ ತಂದು ಮೆಲ್ಲಗೆ ಕಾಕಾನ ಮುಂದಿಟ್ಟು, "ಬಿಸಿ ಅದ, ಸಾವಕಾಶ ಕುಡೀರಿ" ಎಂದರು. ಕಾಕಾ ತಲೆ ಎತ್ತಿ ನೋಡಿದರು. ಅಂಗಿಯ ಗುಂಡಿ ಸರಿಮಾಡಿಕೊಂಡು, ಮರ್ಯಾದೆಯ ನಗೆ ನಕ್ಕು, "ಕಶಾಲಾ ತ್ರಾಸ ಘೇತಲಾ, ಬಾಯಿ?" ಎಂದರು. ಯಾಕೆ ತೊಂದರೆ ತೆಗೆದುಕೊಂಡಿರಿ, ಅಮ್ಮಾ, ಎಂದು ಕೇಳಿದ್ದು ಅದು.

ಮರಾಠಿ ಎಲ್ಲ ಪುಣೆ ಕನ್ನಡಿಗರ ಹಾಗೆ ಕಾಕಾನಿಗೂ ನೀರು ಕುಡಿದಷ್ಟು ಸಲೀಸು. ಆದರೆ ಅದು ಹೊಸ್ತಿಲಿನ ಆಚೆಯ ಮಾತು. ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ, ಬಾಗಿಲಿಗೆ ಬಂದವರ ಜೊತೆ ಮರಾಠಿ. ಮನೆಯೊಳಗೆ ಮನೆಯವರೊಂದಿಗೆ ಒಂದು ಶಬ್ದವೂ ಇಲ್ಲ. ಅವರು ಹೆಂಡತಿಯನ್ನು ಹೊರಗಿನವಳೆಂದು ತಿಳಿದಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಾಕುವಿಗೂ ತಿಳಿಯಿತು. ಬಟ್ಟಲಿನಿಂದ ಅವರ ಕೈ ಏಳಲಿಲ್ಲ.

"ನಾನ್ರೀ" ಎಂದರು. "ಗಂಗಾ."

"ಅರೇ, ನೀವೂ ಕನ್ನಡದವರಽ?" ಕಾಕಾನ ಮುಖ ಅರಳಿತು. "ಯಾವೂರ್ರೀ ನಿಮ್ಮದು?"

ಕಾಕು ನನ್ನನ್ನು ನೋಡಿದರು. "ಬೈಲಹೊಂಗಲ್ರಿ" ಎಂದರು ಕೊನೆಗೆ.

"ಹೌದಾ! ನಮ್ಮಾಕೀ ತವರೂ ಅದಽ. ಆಕೀ ಹೆಸರೂ ಗಂಗಾನಽ ನೋಡ್ರಿ. ಕೂಡ್ರಿ ಬಾಯಾರ, ಪ್ಯಾಟಿಗೆ ಹೋಗ್ಯಾಳ, ಈಗ ಬರ್ತಾಳ. ಬಾಯಿ ಸ್ವಲ್ಪ ಜೋರದ, ನೀವು ಗಾಬರಿ ಆಗಬ್ಯಾಡ್ರಿ."

ಅಂದಿನಿಂದ ಕಾಕು ಅವರಿಗೆ ಬಾಯಾರಾದರು. ಊಟಕ್ಕೆ ಬಡಿಸುವ, ಸ್ನಾನಕ್ಕೆ ನೀರು ಕೊಡುವ, ಗುರುತಿಲ್ಲದ ಯಾರೋ ಒಳ್ಳೆಯ ಹೆಂಗಸು. ನನ್ನನ್ನು ಒಮ್ಮೊಮ್ಮೆ ಗುರುತಿಸುವರು, ಅನುಜಾಳನ್ನು ಅವಳ ಅಜ್ಜಿಯ ಹೆಸರಿನಿಂದಲಾದರೂ ಕರೆಯುವರು. ಹೆಂಡತಿಗಾಗಿ ಮಾತ್ರ ಬಾಗಿಲು ಕಾಯುವರು. ಸಂಜೆಯಾದರೆ ಚಪ್ಪಲಿ ಹಾಕಿಕೊಂಡು, "ಇನ್ನೂ ಬರಲಿಲ್ಲ, ನೋಡಿ ಬರ್ತೀನಿ" ಎಂದು ಹೊರಡುವರು. ಕಾಕು ಹಿಂದೆಯೇ ಹೋಗಿ, ಸ್ವಲ್ಪ ದೂರ ನಡೆಸಿ, ನಾಳೆ ಬರುತ್ತಾರಂತೆ ಎಂದು ಹೇಳಿ ತಿರುಗಿ ಕರೆತರುವರು.

ರೋಗದ ದಾರಿಯೇ ಹಾಗೆ, ನೀವು ಬೈದಿದ್ದರೂ ಇದು ಆಗುತ್ತಿತ್ತು ಎಂದು ಡಾಕ್ಟರರು ಹೇಳಿದರು. ಕಾಕು ನಂಬಲಿಲ್ಲ. "ಮಾರಿ ಹ್ಯಾಂಗರ ನೆನಪಿಟ್ಟಾರು, ಮಾರಿ ಮುದಿ ಆಗ್ಯಾದ" ಎಂದರು ನನಗೆ. "ದನಿ ಒಂದು ಗುರುತಿತ್ತು, ಅದನ್ನೂ ನಾನಽ ಕಸಗೊಂಡೆ." ಯಾರ ಮಾತು ನಿಜವೋ ನನಗೆ ಗೊತ್ತಿಲ್ಲ. ಡಾಕ್ಟರರಿಗೆ ರೋಗ ಗೊತ್ತು, ಆದರೆ ಆ ಮನೆಯಲ್ಲಿ ಅವರು ಉಂಡವರಲ್ಲ.

ಒಂದು ಸಲ ಮೊದಲಿನ ಹಾಗೆ ಬೈದು ನೋಡು ಎಂದು ಹೇಳಿದವಳು ಅನುಜಾ. ಕಾಕು ಎರಡು ದಿನ ವಿಚಾರ ಮಾಡಿದರು. ಹಿಡಿದ ನೇಮ ಮುರಿಯುವುದು ಅವರಿಗೆ ಸಣ್ಣ ಮಾತಲ್ಲ. ಕೊನೆಗೆ ಮಳೆಗಾಲದ ಒಂದು ಬೆಳಿಗ್ಗೆ ದೇವರಿಗೆ ಕೈ ಮುಗಿದು ತಪ್ಪು ಒಪ್ಪಿಕೊಂಡು ಅಡಿಗೆಮನೆಯಿಂದ ಹೊರಗೆ ಬಂದರಂತೆ. ನಾನು ಕೆಳಗೆ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಮೇಲಿನಿಂದ ಆ ದನಿ ಬಂತು. "ಏನ್ರೀ, ಹೊತ್ತು ಎಲ್ಲೀತನಕಾ ಬಂತು ನೋಡ್ರಿ! ಹಲ್ಲು ತಿಕ್ಕಲಿಕ್ಕೂ ಮುಹೂರ್ತ ತಗಸಬೇಕೇನು?" ಸಂಕ್ರಾಂತಿಯಿಂದ ಕೇಳದ ದನಿ. ನಾನು ಅರ್ಧ ಗಡ್ಡದಲ್ಲೇ ಮೆಟ್ಟಿಲು ಹತ್ತಿ ಓಡಿದೆ. ನಿಜ ಹೇಳುತ್ತೇನೆ, ಹುಚ್ಚನ ಹಾಗೆ ಖುಷಿಯಾಗಿತ್ತು ನನಗೆ.

ಕಾಕಾ ಬಚ್ಚಲಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಒಳಗಿಂದ ಕೂಗುತ್ತಿದ್ದರು. "ಗಂಗಾ! ಏ ಗಂಗಾ! ಯಾರೋ ಬಂದಾರ ಮನ್ಯಾಗ, ನನಗ ಬೈಲಿಕ್ಹತ್ಯಾರ! ಲಗೂ ಬಾ, ಗಂಗಾ!"

ಕಾಕು ಬಾಗಿಲ ಹೊರಗೆ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಒಳಗಿನ ಕೂಗು ಒಂದೇ ಸಮನೆ ನಡೆದಿತ್ತು. ಬಾಗಿಲು ಒಡೆಯಲೇ ಎಂದು ಸನ್ನೆ ಮಾಡಿದೆ, ಬೇಡವೆಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಈ ವರ್ಷ ಕಲಿತ ಮೆತ್ತನೆಯ ದನಿಯಲ್ಲಿ, "ಹೋದಳ್ರಿ ಆಕಿ. ಬಾಗಲಾ ತಗೀರಿ" ಎಂದರು.

"ನೀವು ಯಾರು?"

"ಚಹಾ ಕೊಡಾಕೀರಿ."

ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು. ಕಾಕಾ ಇಣುಕಿ ನೋಡಿ, ಕಾಕುವಿನ ಕೈ ಗಟ್ಟಿಯಾಗಿ ಹಿಡಿದುಕೊಂಡು ಹೊರಗೆ ಬಂದರು. "ಛಲೋ ಆತು ನೀವು ಬಂದ್ರಿ" ಎಂದರು. ಕಾಕು ಅಲ್ಲಿಂದ ಮುಂದೆ ಯಾರೊಂದಿಗೂ ದನಿ ಏರಿಸಲಿಲ್ಲ. ನೇಮದ ಸಲುವಾಗಿ ಅಲ್ಲ, ಬೈಯುವ ಮಾತುಗಳೇ ಬರದಾದವು. ಒಮ್ಮೆ ಕಾವಲುಗಾರ ನೀರಿನ ಟಾಕಿ ತುಂಬಿ ಹರಿಸಿ ಅಂಗಳವೆಲ್ಲ ಕೆಸರು ಮಾಡಿದಾಗ ನಾನೇ, "ಕಾಕು, ಅವಗ ಎರಡು ಮಾತು ಅನ್ರಿ" ಎಂದೆ. ಅವರು ಬಾಯಿ ತೆರೆದು, ಹುಡುಕಿ, ಸುಮ್ಮನಾದರು.

ಆಮೇಲೆ ಆ ಮನೆಯಲ್ಲಿ ಇನ್ನೊಂದು ಶುರುವಾಯಿತು. ಕಾಕಾ ಬಾಯಾರೊಂದಿಗೆ ಮಾತಾಡತೊಡಗಿದರು. ಬಾಯಿ ಇರುವುದು ಚಹಾ ಕುಡಿಯಲಿಕ್ಕೆ ಎನ್ನಿಸಿಕೊಂಡ ಮನುಷ್ಯ ಮಧ್ಯಾಹ್ನವೆಲ್ಲ ಮಾತಾಡುವರು, ಅದೂ ಹೆಂಡತಿಯ ಬಗ್ಗೆ. "ನಾ ಕಾಶ್ಯಾಗ ಬಿಟ್ಟೀನಂತ ಮನಿಗೆ ಬದನೀಕಾಯೀನಽ ತರೂದಿಲ್ರಿ ಆಕಿ. ತನಗ ಎಷ್ಟು ಇಷ್ಟ ಗೊತ್ತೇನು?" ಎನ್ನುವರು. "ನಾ ಎರಡನೇ ಪಾಳಿ ಮುಗಿಸಿ ಬರೋತನಕಾ ಉಣ್ಣದಽ ಕೂಡತಿದ್ದಳು. ಬಂದ ಮ್ಯಾಲೆ ಯಾಕ ತಡಾ ಅಂತ ಬೈದು, ಆಮ್ಯಾಲೆ ಉಣ್ಣಾಕಿ" ಎನ್ನುವರು. ಕಾಕು ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೇಳುವರು. ಜೀವಮಾನದಲ್ಲಿ ಒಮ್ಮೆಯೂ ಗಂಡನ ಬಾಯಿಂದ ಕೇಳದ ಮಾತುಗಳವು. ಕೇಳಿದ್ದನ್ನು ನಮ್ಮ ಮನೆಗೆ ಬಂದು ನನ್ನ ಹೆಂಡತಿಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಹುಡುಗಿಯರ ಹಾಗೆ ನಾಚಿಕೊಳ್ಳುವರು. ಮರುಕ್ಷಣವೇ ಕಣ್ಣು ತುಂಬುವುದು. "ಯಾರದೋ ಮನಿ ಬಾಗಲಾಗ ಕದ್ದು ಕೇಳಿಸಿಕೊಂಡ ಹಾಂಗ ಆಗ್ತದವಾ" ಎನ್ನುವರು.

ಈ ಡಿಸೆಂಬರಿನ ಕೊನೆಯ ವಾರ, ಕೆಳಗಿನ ಅಂಗಳದಲ್ಲಿ ಮೂವತ್ತೊಂದರ ಕಾರ್ಯಕ್ರಮಕ್ಕೆ ದೀಪದ ಸರ ಕಟ್ಟುತ್ತಿದ್ದರು. ನಾನು ಮೇಲೆ ಹೋದಾಗ ಇಬ್ಬರೂ ಎದುರುಬದುರು ಕುಳಿತಿದ್ದರು. ಕಾಕು ಸೋರೆಕಾಯಿ ಹೆಚ್ಚುತ್ತಿದ್ದರು. ಕಾಕಾ ನನ್ನ ಕಡೆ ನೋಡಲಿಲ್ಲ. ಹೇಳುತ್ತಿದ್ದ ಮಾತಿನ ನಡುವೆ ಇದ್ದರು.

"ನಮ್ಮಾಕಿ ಭಾಳ ಛಲೋರಿ. ಖರೇ, ಒಂದಽ ಒಂದು ಮಾತದ, ಯಾರ ಮುಂದೂ ಹೇಳಿಲ್ಲ."

"ಹೇಳ್ರಿ" ಎಂದರು ಕಾಕು.

"ಅಂಬಾದಾಸ ಬಂದಿದ್ದ. ನನ್ನ ತಮ್ಮ, ಖಾನಾಪುರದಾಗ ಇರ್ತಾನ. ರಾತ್ರಿಯೆಲ್ಲಾ ಬಸ್ಸಿನ್ಯಾಗ ನಿಂತು ಬಂದಿದ್ದ, ಹಸದಿದ್ದ. ಖಾನಾವಳಿ ಹುಡುಗೂರು ಉಂಡು ಹೋಗಿದ್ರು. ಅವಗ ಇನ್ನೊಂದು ಭಕ್ರಿ ಹಾಕು ಅಂದೆ ನಾನು. ಒಳಗಿಂದ ಅಂದಳ್ರಿ, ಇದೇನು ಛತ್ರ ಅಂತ ತಿಳದೀರೇನು, ದಾರಿ ಹಿಡದು ಬಂದವರಿಗೆಲ್ಲಾ ಬಡಸಲಿಕ್ಕೆ, ಅಂತ."

ಕಾಕುವಿನ ಕೈಯಲ್ಲಿದ್ದ ಸೋರೆಕಾಯಿ ಈಳಿಗೆಯ ಮೇಲೆ ಹಾಗೇ ನಿಂತಿತು.

"ನನಗ ಅಂದದ್ದುರಿ ಅದು" ಎಂದರು ಕಾಕಾ. "ಆಕಿ ಏನಂದ್ರೂ ನನಗಽ ಅಂತಿದ್ದಳು. ನನಗ ರೂಢಿ ಇತ್ತು, ಅವಗ ಇರಲಿಲ್ಲ. ಮುರದ ಭಕ್ರಿ ತಾಟಿನ್ಯಾಗಽ ಇಟ್ಟ, ಕೈ ತೊಳಕೊಂಡ. ಅಣ್ಣಾ, ಬಸ್ಸಿನ ಹೊತ್ತಾತು, ಅಂದ. ಬಸ್ಸು ಸಂಜೀಕಿತ್ತು. ಮತ್ತ ಬರಲಿಲ್ರಿ. ಸತ್ತಾಗ ನಾನಽ ಹೋದೆ."

ಅಂಬಾದಾಸನ ಹೆಸರು ನಾನು ಕೇಳಿದ್ದೆ, ಕಾಕುವಿನ ಬಾಯಿಂದಲೇ. ಮೈದುನ ಅನ್ನಿಸಿಕೊಂಡವನು ಹಬ್ಬಕ್ಕಿಲ್ಲ, ಹುಣ್ಣಿವೆಗಿಲ್ಲ, ಅಣ್ಣನ ಮನೆಯ ಕಡೆ ತಿರುಗಿ ನೋಡಲಿಲ್ಲ, ಅಷ್ಟು ಸೊಕ್ಕು, ಎಂದು ಅವರು ವರ್ಷಗಟ್ಟಲೆ ಕಾಕಾನಿಗೆ ಬೈದದ್ದುಂಟು. ಕಾಕಾ ಆಗಲೂ ಸುಮ್ಮನೆ ಚೀಲ ಹಿಡಿದು ನಿಂತಿದ್ದವರು. ಈಗ ಕಾಕು ನನ್ನ ಕಡೆ ತಿರುಗಿದರು. ಅವರಿಗೆ ಆ ದಿನ ನೆನಪಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ದಿನಾ ಆಡುತ್ತಿದ್ದ ಮಾತುಗಳಲ್ಲಿ ಅದೂ ಒಂದು, ಆಡಿ ಭಕ್ರಿ ಬಡಿಯಲಿಕ್ಕೆ ಹೋಗಿರುತ್ತಾರೆ. ಆ ಇನ್ನೊಂದು ಭಕ್ರಿಯನ್ನೂ ಮಾಡಿ ತಂದೇ ಇರುತ್ತಾರೆ, ಕಾಕುವನ್ನು ಬಲ್ಲ ನನಗೆ ಅದರಲ್ಲಿ ಸಂಶಯವಿಲ್ಲ. ತಂದಾಗ ತಟ್ಟೆಯ ಮುಂದೆ ಯಾರೂ ಇರಲಿಲ್ಲ, ಅಷ್ಟೇ. ನನಗೆ ಅಳು ಬಂತು, ಕಿಟಕಿಯ ಕಡೆ ಮುಖ ಮಾಡಿದೆ.

"ತಪ್ಪಾತ್ರಿ" ಎಂದರು ಕಾಕು.

"ನಿಮ್ಮದೇನು ತಪ್ಪ್ರೀ, ಬಾಯಾರ?"

"ಆಕೀದು. ಆಕೀ ಪರವಾಗಿ ನಾ ಕೇಳಕೋತೀನಿ." ಈಳಿಗೆ ಬದಿಗಿಟ್ಟು, ಒದ್ದೆ ಕೈಗಳನ್ನೇ ಜೋಡಿಸಿದರು.

ಕಾಕಾ ಗಾಬರಿಯಾದರು. "ಛೇ ಛೇ, ಕೈ ಇಳಸ್ರಿ. ನೀವು ಬಂದಾಗಿಂದ ನನಗೊಂದು ಬಿರುಸು ಮಾತು ಆಡಿಲ್ಲ. ನೀವ್ಯಾಕ ಕೇಳಬೇಕ್ರಿ? ಆಕಿ ಬರಲಿ, ಆಕೀನಽ ಕೇಳಲಿ."

"ಬಂದು ಕೇಳಿದ್ರ, ಬಿಟ್ಟುಬಿಡ್ತೀರೇನ್ರಿ?"

ಕಾಕಾ ಬಾಗಿಲ ಕಡೆ ನೋಡಿದರು. ಆಮೇಲೆ, "ಕೇಳದಿದ್ರೂ ನಡೀತದ್ರಿ" ಎಂದರು. "ಬಂದ್ರ ಸಾಕಾಗ್ಯದ."

ಕಾಕು ಸೆರಗಿನಿಂದ ಕೈ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. "ಬರ್ತಾಳ್ರಿ" ಎಂದರು. "ಆಕಿ ಬರೋತನಕಾ ನಾ ಇಲ್ಲೇ ಇರ್ತೀನಿ."

"ಇರ್ರಿ, ಇರ್ರಿ. ನೀವಿದ್ರ ನನಗ ಧೈರ್ಯ ಅದ." ಕಾಕಾ ಮುಂದೆ ಏನೋ ಹೇಳಲು ಸಂಕೋಚಪಟ್ಟರು. ನಂತರ ಸ್ವಲ್ಪ ಮುಂದಕ್ಕೆ ಬಾಗಿ, ಮೆಲ್ಲಗೆ, "ಖರೇ, ಆಕಿ ಬಂದಳಂದ್ರ ನೀವು ಹೋಗಬೇಕಾಗ್ತದ ನೋಡ್ರಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ" ಎಂದರು.

"ಇಲ್ರಿ" ಎಂದರು ಕಾಕು. "ಹೋಗ್ತೀನಿ."